ಯುಗಾದಿಗೆ ಮಲ್ಲಿಗೆ ಬೇಕೇ? ಕತ್ತರಿ ಈಗಲೇ ಹಿಡಿಯಿರಿ

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿಲ್ಲ. ತಾರಸಿಯ ಮಲ್ಲಿಗೆ ಗಿಡ ನೋಡಿದರೆ ಮಾತ್ರ ಬೇಜಾರಾಗುತ್ತದೆ. ಎಲೆ ಮಂಕಾಗಿದೆ, ರೆಂಬೆಗಳು ಅಡ್ಡಾದಿಡ್ಡಿ ಚಾಚಿವೆ, ಹುಡುಕಿದರೂ ಒಂದು ಮೊಗ್ಗಿಲ್ಲ. ಪೇಟೆಯಲ್ಲೂ ಇದೇ ಕಥೆ. ಚಳಿಗಾಲದಲ್ಲಿ ಉಡುಪಿ ಮಲ್ಲಿಗೆ ಅಟ್ಟೆಗೆ (ಕಟ್ಟಿದ ಹೂವಿನ ಅಳತೆ) ಸಾವಿರ ರೂಪಾಯಿ ದಾಟುವುದು ಹೊಸದೇನಲ್ಲ.

ಗಿಡಕ್ಕೆ ಏನೂ ಆಗಿಲ್ಲ, ಚಳಿಗೆ ಸುಮ್ನೆ ಮಲಗಿದೆ. ಅದು ತಾನಾಗಿ ಏಳುವ ಸ್ವಲ್ಪ ಮೊದಲು ಕತ್ತರಿ ಆಡಿಸಿದರೆ ಹೂವು ಜಾಸ್ತಿ. ಆ 'ಸ್ವಲ್ಪ ಮೊದಲು' ಯಾವಾಗ ಎನ್ನುವುದರಲ್ಲೇ ನಾವೆಲ್ಲ ಎಡವುವುದು.

ಹಬ್ಬದಿಂದ ಹಿಂದಕ್ಕೆ ಎಣಿಸಿ

ನಾನು ಕ್ಯಾಲೆಂಡರಿನಲ್ಲಿ ಮೊದಲು ಯುಗಾದಿ ಹುಡುಕುತ್ತೇನೆ. ಸವರಿದ ಮಲ್ಲಿಗೆ ಚಿಗುರಿ, ಮೊಗ್ಗು ಕಟ್ಟಿ, ಕೈಗೆ ಹೂವು ಸಿಗಲು ಸುಮಾರು ಎರಡು ತಿಂಗಳು ಬೇಕು. ಹಬ್ಬ ಮಾರ್ಚ್ ಕೊನೆಗೆ ಬಿದ್ದರೆ ಜನವರಿ ಮುಗಿಯುವುದರೊಳಗೆ ಕೆಲಸ ಆಗಿರಬೇಕು. ಹೊಲದಲ್ಲಿ ಬೆಳೆಯುವವರು ನಮಗಿಂತ ಮುಂದೆ ಇರುತ್ತಾರೆ. ಗುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಿಂದಲೇ ಸವರಲು ಶುರು ಮಾಡುತ್ತಾರೆ, ಜಾಜಿಯ ಸರದಿ ಡಿಸೆಂಬರ್ ಕೊನೆ, ಜನವರಿಯಲ್ಲಿ. ಮನೆ ಗಿಡಕ್ಕೆ ಅಷ್ಟು ಅವಸರ ಬೇಡ. ರಥಸಪ್ತಮಿಯನ್ನು ಗಡುವು ಇಟ್ಟುಕೊಳ್ಳಿ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಓಡಿಹೋಗುವ ಹೊತ್ತಿಗೆ ಗಿಡದ ಮೈಮೇಲೆ ಚಿಗುರು ಕಾಣಬೇಕು.

ತಡ ಮಾಡಿದರೆ ಎರಡು ನಷ್ಟ. ಗಿಡ ಕೂಡಿಟ್ಟ ಆಹಾರವನ್ನು ಹಳೇ ತುದಿಗಳ ಚಿಗುರಿಗೆ ಖರ್ಚು ಮಾಡಿರುತ್ತದೆ, ನಾವು ಅದನ್ನೇ ಕತ್ತರಿಸಿ ಎಸೆಯುತ್ತೇವೆ. ಜೊತೆಗೆ, ಆಮೇಲೆ ಬರುವ ಎಳೆ ಚಿಗುರು ಏಪ್ರಿಲ್ ಬಿಸಿಲಿಗೆ ಸಿಕ್ಕಿ ಸುಡುತ್ತದೆ.

ಮೊದಲ ಹೆಜ್ಜೆ: ಹೂವು ಎಲ್ಲಿ ಬಿಡುತ್ತದೆ ನೋಡಿ

ರೆಂಬೆಯ ತುದಿ ಇರುವಷ್ಟು ಕಾಲ ಅದರ ಕೆಳಗಿನ ಕಣ್ಣುಗಳು, ಅಂದರೆ ಚಿಗುರೊಡೆಯುವ ಸಣ್ಣ ಉಬ್ಬುಗಳು, ತೆಪ್ಪಗಿರುತ್ತವೆ. ತುದಿಯಿಂದ ಇಳಿಯುವ ಹಾರ್ಮೋನು ಅವನ್ನು ಏಳಲು ಬಿಡುವುದಿಲ್ಲ. ತುದಿ ಹೋದರೆ ಯಜಮಾನ ಊರಿಗೆ ಹೋದ ಮನೆಯಂತೆ, ಎಲ್ಲ ಕಣ್ಣೂ ಒಟ್ಟಿಗೆ ಏಳುತ್ತವೆ. ಒಂದು ರೆಂಬೆ ಇದ್ದಲ್ಲಿ ಎರಡೋ ಮೂರೋ ಆಗುತ್ತದೆ. ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡಕ್ಕೆ ಇದು ಹಬ್ಬ. ಮಲ್ಲಿಗೆ, ದಾಸವಾಳ, ಗುಲಾಬಿ, ಕಣಗಿಲೆ ಈ ಗುಂಪಿನವು.

ಆದರೆ ಕೆಲವು ಗಿಡಗಳು ಬರುವ ಸಲದ ಹೂವನ್ನು ಹಳೇ ರೆಂಬೆಯೊಳಗೆ ಈಗಾಗಲೇ ಕಟ್ಟಿಟ್ಟಿರುತ್ತವೆ. ಇದು ನನಗೆ ಗೊತ್ತಾಗಿದ್ದು ಮಡಿಕೇರಿಯಲ್ಲಿ. ಬಾಡಿಗೆ ಮನೆಯ ಮುಂದೆ ಹೈಡ್ರೇಂಜಿಯಾ ಸಾಲು ಇತ್ತು. ಕೊಡಗಿನ ಹುಳಿ ಮಣ್ಣಿಗೆ ಅದರ ಹೂವು ನೀಲಿಗೆ ತಿರುಗುತ್ತದೆ, ಮಳೆಯಲ್ಲಿ ನೋಡಲು ಎರಡು ಕಣ್ಣು ಸಾಲದು. ಫೆಬ್ರವರಿಯಲ್ಲಿ ಮಾತ್ರ ಎಲೆ ಕಂದಾಗಿ, ಒಣ ಕಡ್ಡಿ ನಿಲ್ಲಿಸಿದಂತೆ ಕಾಣುತ್ತಿತ್ತು. ಒಂದು ಭಾನುವಾರ ಇಡೀ ಸಾಲನ್ನು ಮೊಣಕಾಲ ಎತ್ತರಕ್ಕೆ ನೆಟ್ಟಗೆ ಕತ್ತರಿಸಿ ನಾನೇ ಬೆನ್ನು ತಟ್ಟಿಕೊಂಡೆ. ಮಳೆ ಬಂತು, ಎಲೆ ಸೊಂಪಾಗಿ ಬಂತು, ಹೂವು ಒಂದೂ ಇಲ್ಲ. ಮನೆ ಓನರ್ ಆಂಟಿ ಬಂದು ಬೇಲಿ ಹಿಡಿದುಕೊಂಡು ನೋಡಿ, "ಕಡ್ಡಿ ತುದಿಯಲ್ಲಿ ದಪ್ಪ ಮೊಗ್ಗು ಇತ್ತಲ್ವಾ, ನೋಡ್ಲಿಲ್ವಾ?" ಎಂದರು. ನಿಜ, ನೋಡಿರಲಿಲ್ಲ. ಹೈಡ್ರೇಂಜಿಯಾಕ್ಕೆ ಈಗ ಬಾಡಿದ ಹೂವಿನ ತಲೆ, ಪೂರ್ತಿ ಒಣಗಿದ ಕಡ್ಡಿ ತೆಗೆದರೆ ಸಾಕು. ಉಳಿದದ್ದು ಹೂವು ಮುಗಿದ ಕೂಡಲೇ.

ಅಂದಿನಿಂದ ಗೊತ್ತಿಲ್ಲದ ಗಿಡಕ್ಕೆ ಒಂದು ವರ್ಷ ಕತ್ತರಿ ತೋರಿಸುವುದಿಲ್ಲ. ಹೂವು ಹಸಿರು ಎಳೆ ಕಡ್ಡಿಯಲ್ಲಿ ಬಂತೋ, ಕಂದು ಬಲಿತ ಕಡ್ಡಿಯಲ್ಲಿ ಬಂತೋ ನೋಡಿ ಬರೆದಿಡುತ್ತೇನೆ.

ಎರಡನೇ ಹೆಜ್ಜೆ: ನೀರು ಕಡಿಮೆ ಮಾಡಿ

ಮಲ್ಲಿಗೆಗೆ ಇದು ಮುಖ್ಯ. ಸವರುವ ಮುಂಚೆ ಹತ್ತು-ಹದಿನೈದು ದಿನ ನೆಲದ ಗಿಡಕ್ಕೆ ನೀರು ನಿಲ್ಲಿಸಿ. ಕುಂಡದ ಗಿಡಕ್ಕೆ ಪೂರ್ತಿ ನಿಲ್ಲಿಸಬೇಡಿ, ಎಲೆ ಸ್ವಲ್ಪ ಜೋತು ಬೀಳುವಷ್ಟು ಕಾದು ಒಂದು ಚೊಂಬು ಹಾಕಿ. ಎಲೆಗೆ ಹೋಗುವ ಶಕ್ತಿ ಆಗ ಕಡ್ಡಿಯಲ್ಲಿ ಉಳಿಯುತ್ತದೆ.

ಮೂರನೇ ಹೆಜ್ಜೆ: ಕತ್ತರಿ

ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಹುರುಪಿನಲ್ಲಿ ಕಟರ್ ಕೊಂಡು ತರುವವರು ಬಹಳ. ಎರಡು ಅಲಗೂ ಒಂದರ ಪಕ್ಕ ಒಂದು ಜಾರುವಂಥದ್ದು ಕೊಳ್ಳಿ. ಒಂದು ಅಲಗು ಚಪ್ಪಟೆ ತಗಡಿನ ಮೇಲೆ ಕೂರುವಂಥದ್ದು ಹಸಿ ಕಡ್ಡಿಯನ್ನು ಜಜ್ಜುತ್ತದೆ. ಅಡುಗೆಮನೆ ಕತ್ತರಿ ಬೇಡವೇ ಬೇಡ. ಹೆಬ್ಬೆರಳಿಗಿಂತ ದಪ್ಪದ ರೆಂಬೆಗೆ ಸಣ್ಣ ಗರಗಸ ಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ.

ನಾಲ್ಕನೇ ಹೆಜ್ಜೆ: ಎಲ್ಲಿ ಕತ್ತರಿಸುವುದು

ಮೊದಲು ಒಣಗಿದ್ದು, ಹುಳ ಹಿಡಿದದ್ದು, ಒಂದಕ್ಕೊಂದು ಉಜ್ಜುತ್ತಿರುವುದು ತೆಗೆಯಿರಿ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆಯಿರಿ, ಒಳಗೆ ಹಸಿರಿದ್ದರೆ ಜೀವ ಇದೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಗಿಡ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ.

ಈಗ ಮಲ್ಲಿಗೆ. ನೆಲದ ಗಿಡವನ್ನು ಒಂದೂವರೆ ಅಡಿ ಎತ್ತರಕ್ಕೆ ಇಳಿಸಬಹುದು. ಕುಂಡದ್ದಾದರೆ ಅರ್ಧದಷ್ಟು. ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಗೆಣ್ಣಿನಲ್ಲಿ ಎಲೆಗಳು ಎದುರುಬದುರಾಗಿ ಜೋಡಿ ಇವೆ. ಎಲೆಯ ತೊಟ್ಟು ಕಡ್ಡಿಗೆ ಸೇರುವ ಸಂದಿನಲ್ಲಿ, ಎರಡೂ ಬದಿ, ಸಾಸಿವೆಯಷ್ಟು ಉಬ್ಬು ಕಾಣುತ್ತದೆ. ಅದೇ ಕಣ್ಣು. ಜೋಡಿ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ನೇರವಾಗಿ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಒಂದು ಕಣ್ಣು ಹೋದೀತು. ಗುಲಾಬಿ, ದಾಸವಾಳದ ಲೆಕ್ಕ ಬೇರೆ. ಅವುಗಳಲ್ಲಿ ಎಲೆ ಒಂದೊಂದೇ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಗಿಡದ ಹೊರಗೆ ಮುಖ ಮಾಡಿದ ಕಣ್ಣು ಆರಿಸಿ, ಅದರ ಮೇಲೆ ಓರೆಯಾಗಿ ಕತ್ತರಿಸಿ. ಇಳಿಜಾರು ಕಣ್ಣಿನ ಬೆನ್ನ ಕಡೆ ಇರಲಿ, ನೀರು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಒಳಮುಖದ ಕಣ್ಣು ಬಿಟ್ಟರೆ ಗಿಡದ ಹೊಟ್ಟೆಯೊಳಗೆ ಪೊದೆ ಬೆಳೆಯುತ್ತದೆ, ಗಾಳಿ ಆಡುವುದಿಲ್ಲ.

ಮಲ್ಲಿಗೆಯಲ್ಲಿ ಉಳಿದ ಹಳೇ ಎಲೆಗಳನ್ನೂ ಕೈಯಿಂದ ಬಿಡಿಸಿ. ಗಿಡ ಬೋಳಾಗಿ ಕಾಣುತ್ತದೆ, ಮನೆಯವರು ಬೈಯುತ್ತಾರೆ. ಹದಿನೈದು ದಿನ ಕಿವಿ ಮುಚ್ಚಿಕೊಳ್ಳಿ.

ದಾಸವಾಳಕ್ಕೆ ಇಷ್ಟು ನಿರ್ದಯೆ ಬೇಡ. ಮೂರನೇ ಒಂದು ಭಾಗ ತೆಗೆದರೆ ಸಾಕು. ತುದಿಗಳಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಆ ತುಂಡುಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಕವರಿನಲ್ಲಿ ಕಟ್ಟಿ ಎಸೆಯಿರಿ. ಕಣಗಿಲೆ ಸವರುವಾಗ ಕೈಗವಸು ಇರಲಿ. ಅದರ ಹಾಲು, ಎಲೆ, ಕಡ್ಡಿ ಎಲ್ಲವೂ ವಿಷ. ದನ-ಮೇಕೆಗೆ ಸಿಗದಂತೆ ನೋಡಿ, ಸುಡಲೂ ಬೇಡಿ, ಹೊಗೆಯೂ ಕೆಟ್ಟದ್ದು.

ಗುಲಾಬಿಯನ್ನು ನೀವು ಅಕ್ಟೋಬರ್-ನವೆಂಬರಿನಲ್ಲೇ ಸವರಿದ್ದರೆ ಈಗ ಬಾಡಿದ ಹೂವು, ಸೊರಗಿದ ಕಡ್ಡಿ ಮಾತ್ರ ತೆಗೆಯಿರಿ. ಕಾಗದದ ಹೂವಿನ ತಂಟೆಗೆ ಹೋಗಲೇಬೇಡಿ. ಅದಕ್ಕೆ ಈಗಲೇ ಸುಗ್ಗಿ. ಬಣ್ಣ ಉದುರಿದ ಮೇಲೆ, ಮಳೆಗೆ ಮುಂಚೆ ಸವರಿದರಾಯಿತು.

ಆಮೇಲೆ

ದಪ್ಪ ಗಾಯಗಳಿಗೆ ಬೋರ್ಡೋ ಪೇಸ್ಟ್ ಹಚ್ಚಿ. ಮೈಲುತುತ್ತ, ಸುಣ್ಣ ಮತ್ತು ನೀರು ಅಷ್ಟೇ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಪೆನ್ಸಿಲ್ ದಪ್ಪದ ಗಾಯಕ್ಕೆ ಏನೂ ಬೇಡ, ತಾನೇ ಒಣಗುತ್ತದೆ. ಬುಡದ ಮಣ್ಣನ್ನು ಎರಡು ಇಂಚು ಸಡಿಲ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕುಂಡಕ್ಕೆ ಎರಡು ಬೊಗಸೆ ಹಾಕಿ, ಬುಡ ತೋಯುವ ಹಾಗೆ ನೀರು ಕೊಡಿ. ಮುಂದೆ ಚಿಗುರು ಬರುವವರೆಗೆ ಮಣ್ಣು ಒಣಗಿದಾಗ ಮಾತ್ರ. ಎಲೆಯೇ ಇಲ್ಲದ ಗಿಡಕ್ಕೆ ದಿನಾ ನೀರು ಸುರಿದರೆ ಬೇರು ಕೊಳೆಯುತ್ತದೆ. ಸವರಿದ ಗಿಡ ಸತ್ತುಹೋಯಿತು ಎಂದು ದೂರುವ ಬಹಳ ಜನ ಈ ತಪ್ಪು ಮಾಡಿರುತ್ತಾರೆ.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಪ್ರತಿ ವರ್ಷ 'ಯಾವಾಗ ಸವರಲಿ' ಎಂದು ಕೇಳುತ್ತಾಳೆ. ಅವಳಿಗೆ ನಮ್ಮ ರಥಸಪ್ತಮಿ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಆಗ ಹಿಮ. ಅಲ್ಲಿಯವರು ಫಾರ್ಸಿಥಿಯಾ ಎಂಬ ಪೊದೆ ಹಳದಿ ಹೂ ಬಿಟ್ಟಾಗ ಗುಲಾಬಿ ಸವರುತ್ತಾರಂತೆ. ಆ ಫಾರ್ಸಿಥಿಯಾ ಮಾತ್ರ ಹಳೇ ಕಡ್ಡಿಯ ಗಿರಾಕಿ, ಅದನ್ನು ಹೂವು ಉದುರಿದ ಮೇಲೇ ಮುಟ್ಟಬೇಕು. ಅವಳ ಮಲ್ಲಿಗೆ ಕುಂಡ ಚಳಿಗಾಲವೆಲ್ಲ ಹಾಲ್‌ನ ಕಿಟಕಿ ಪಕ್ಕ ಇರುತ್ತದೆ. ಅದನ್ನು ಅವಳು ಮಾರ್ಚ್‌ನಲ್ಲಿ ಸವರಿ, ಹಿಮದ ಭಯ ಹೋದ ಮೇಲೆ ಹೊರಗಿಡುತ್ತಾಳೆ.

ಕತ್ತರಿಸಿದ ದಾಸವಾಳದ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದವನ್ನು ಒಂದು ಗೇಣು ಉದ್ದಕ್ಕೆ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಹಳೇ ಬಕೆಟ್ಟಿನ ಮರಳು-ಮಣ್ಣಿನಲ್ಲಿ ಚುಚ್ಚಿ ನೆರಳಲ್ಲಿಡಿ. ಮೇಲೆ-ಕೆಳಗೆ ಅದಲುಬದಲಾಗದಿರಲಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸಿಟ್ಟುಕೊಂಡರೆ ಗುರುತು ಸಿಗುತ್ತದೆ. ಹತ್ತರಲ್ಲಿ ನಾಲ್ಕೈದಾದರೂ ಬೇರು ಬಿಡುತ್ತವೆ. ಯಾವ ಬಣ್ಣದ್ದು ಎಂದು ಚೀಟಿ ಅಂಟಿಸಿ. ನಾನು ಅಂಟಿಸಿರಲಿಲ್ಲ, ಬಿಳಿ ದಾಸವಾಳ ಕೇಳಿದ್ದ ಪಕ್ಕದ ಮನೆಯವರಿಗೆ ಕೆಂಪು ಹೋಗಿದೆ.