ಬ್ರಿಟನ್‌ನಲ್ಲಿ ನಿಮ್ಮ ವಿಳಾಸ ಕೌನ್ಸಿಲ್‌ಗೆ ಸರಿಯಾಗಿ ಗೊತ್ತಿದೆಯಾ?

ಬ್ರಿಟನ್‌ಗೆ ಬಂದ ಹೊಸದರಲ್ಲಿ ನಾವೆಲ್ಲ ಮೊದಲು ಬಾಯಿಪಾಠ ಮಾಡುವುದು ಪೋಸ್ಟ್‌ಕೋಡ್. ಬ್ಯಾಂಕ್, ಜಿಪಿ (ನಮ್ಮ ಫ್ಯಾಮಿಲಿ ಡಾಕ್ಟರ್), ಪಾರ್ಸೆಲ್, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಆದರೆ ಅದು ರಾಯಲ್ ಮೇಲ್ ಅಂಚೆ ಹಂಚಲು ಮಾಡಿಕೊಂಡ ಏರ್ಪಾಡು. ಒಂದು ಪೋಸ್ಟ್‌ಕೋಡ್‌ನಲ್ಲಿ ಸರಾಸರಿ 15 ವಿಳಾಸಗಳು ಇರುತ್ತವೆ. ಕಸ ಎತ್ತಬೇಕಾದ, ಶಾಲೆ ಸೀಟು ಹಂಚಬೇಕಾದ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಅಷ್ಟು ಸಾಲದು. ಅದರಲ್ಲಿ ನಿಮ್ಮ ಮನೆ ಯಾವುದು ಅಂತ ಗೊತ್ತಾಗಬೇಕು.

ಅದಕ್ಕಾಗಿ ಇರುವುದು ಯುಪಿಆರ್‌ಎನ್ (ಯುನೀಕ್ ಪ್ರಾಪರ್ಟಿ ರೆಫರೆನ್ಸ್ ನಂಬರ್). ಪ್ರತಿ ಮನೆ, ಫ್ಲ್ಯಾಟ್, ಅಂಗಡಿಗೂ ಒಂದೊಂದು ಬೇರೆ ನಂಬರ್, ಹೆಚ್ಚೆಂದರೆ 12 ಅಂಕಿ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ಪಿಐಡಿ ನಂಬರ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಇದರ ಬಳಕೆ ತೆರಿಗೆಗಿಂತ ತುಂಬಾ ಜಾಸ್ತಿ. ಮನೆ ಇನ್ನೂ ಪ್ಲಾನಿಂಗ್ ಹಂತದಲ್ಲಿದ್ದಾಗಲೇ ನಂಬರ್ ಬರಬಹುದು, ಕೆಡವಿದ ಮೇಲೂ ಅದನ್ನು ಬೇರೆ ಮನೆಗೆ ಕೊಡುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಯಾ ಕೌನ್ಸಿಲ್ ತನ್ನ ವಿಳಾಸಗಳ ಪಟ್ಟಿಯನ್ನು ಇಟ್ಟುಕೊಂಡು ತಿದ್ದುತ್ತಿರುತ್ತದೆ. ಜಿಯೋಪ್ಲೇಸ್ ಎಂಬ ಸಂಸ್ಥೆ ಎಲ್ಲವನ್ನೂ ಒಟ್ಟು ಸೇರಿಸುತ್ತದೆ. 2020ರ ಜುಲೈಯಿಂದ ಈ ನಂಬರ್‌ಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ನಂಬರ್‌ನಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಜಾಗ ಮಾತ್ರ.

ಇದರ ಉಪಯೋಗ ಕಣ್ಣಿಗೆ ಬೀಳುವುದು ಕಸದ ವಿಷಯದಲ್ಲಿ. ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿ, ಪಟ್ಟಿಯಿಂದ ಮನೆ ಆರಿಸಿಕೊಂಡರೆ, ಯಾವ ಬಣ್ಣದ ಬಿನ್ ಯಾವ ದಿನ ಹೊರಗಿಡಬೇಕು ಅಂತ ಬರುತ್ತದೆ. ಅನೇಕ ಕೌನ್ಸಿಲ್‌ಗಳ ಕಸದ ಲಾರಿಯಲ್ಲೇ ಟ್ಯಾಬ್ಲೆಟ್ ಇರುತ್ತದೆ. ಬಿನ್ ಹೊರಗಿರಲಿಲ್ಲ, ರೀಸೈಕ್ಲಿಂಗ್ ಬಿನ್‌ನಲ್ಲಿ ಬೇರೆ ಕಸ ಇತ್ತು ಅಂತ ಸಿಬ್ಬಂದಿ ಮನೆಮನೆಗೂ ಅಲ್ಲೇ ಗುರುತು ಹಾಕುತ್ತಾರೆ. ನೀವು ಫೋನ್ ಮಾಡಿ "ನಮ್ಮ ಬಿನ್ ಬಿಟ್ಟು ಹೋಗಿದ್ದಾರೆ" ಅಂದಾಗ ಆ ಕಡೆಯವರ ಪರದೆ ಮೇಲೆ ಅದು ಕಾಣುತ್ತದೆ. ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ ಮಾತ್ರ ಮನೆಯಲ್ಲಿದ್ದು, ಬಿನ್ ಎಳೆಯಲು ಆಗದಿದ್ದರೆ ಅಸಿಸ್ಟೆಡ್ ಕಲೆಕ್ಷನ್ ಕೇಳಬಹುದು. ಆಗ ಸಿಬ್ಬಂದಿಯೇ ಒಳಗಿಂದ ಬಿನ್ ತಂದು ಖಾಲಿ ಮಾಡಿ ವಾಪಸ್ ಇಡುತ್ತಾರೆ. ಆ ಸೂಚನೆಯನ್ನು ದಾಖಲಿಸುವುದೂ ಆ ಮನೆಯ ಯುಪಿಆರ್‌ಎನ್ ಜೊತೆಗೇ.

ಮಕ್ಕಳಿರುವವರಿಗೆ ಇದು ಇನ್ನೂ ಮುಖ್ಯ. ಇಂಗ್ಲೆಂಡ್‌ನಲ್ಲಿ ಪ್ರೈಮರಿ ಶಾಲೆಗೆ ಅರ್ಜಿ ಹಾಕಲು ಕೊನೆ ದಿನ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31. ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಬಹಳಷ್ಟು ಶಾಲೆಗಳು ದೂರ ನೋಡುತ್ತವೆ. ಈ ದೂರವನ್ನು ಹೆಚ್ಚಿನ ಕಡೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ಕಂಪ್ಯೂಟರ್ ಅಳೆಯುತ್ತದೆ, ಕೆಲವು ಕಡೆ ನಡೆಯುವ ದಾರಿಯನ್ನು. ಗೆರೆ ಶುರುವಾಗುವುದು ನಿಮ್ಮ ವಿಳಾಸಕ್ಕೆ ಕೊಟ್ಟ ನಕ್ಷೆಯ ಬಿಂದುವಿನಿಂದ. ಫೋನ್ ಮ್ಯಾಪ್‌ನಲ್ಲಿ "ಹತ್ತು ನಿಮಿಷ ಅಷ್ಟೇ" ಅಂತ ಕಂಡರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಆ ಶಾಲೆ ಯಾವ ಅಳತೆ ಬಳಸುತ್ತದೆ, ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರಕ್ಕೆ ಸಿಕ್ಕಿತ್ತು ಅಂತ ನೋಡಿ. ಅನೇಕ ಕೌನ್ಸಿಲ್‌ಗಳು ಅದನ್ನು ಪ್ರಕಟಿಸುತ್ತವೆ. ಏಜೆಂಟ್ ಹೇಳಿದ "ಶಾಲೆ ಪಕ್ಕದಲ್ಲೇ ಇದೆ" ಅನ್ನೋ ಮಾತನ್ನು ಸುಮ್ನೆ ನಂಬಿಕೊಂಡು ಡಿಪಾಸಿಟ್ ಕೊಡಬೇಡಿ.

ಇನ್ನೊಂದು ಗೊಂದಲ ಕೌನ್ಸಿಲ್ ಯಾವುದು ಅನ್ನೋದು. ಅಂಚೆ ವಿಳಾಸದಲ್ಲಿರುವ ಊರೇ ನಿಮ್ಮ ಕೌನ್ಸಿಲ್ ಆಗಬೇಕಿಲ್ಲ. ಲೋಯರ್ ಅರ್ಲಿಯಲ್ಲಿರುವವರ ವಿಳಾಸದಲ್ಲಿ ರೆಡಿಂಗ್ ಅಂತಲೇ ಬರುತ್ತದೆ, ಆದರೆ ಕೌನ್ಸಿಲ್ ವೋಕಿಂಗ್‌ಹ್ಯಾಮ್. ಕೆಲವು ಕಡೆ ಎರಡು ಹಂತದ ಕೌನ್ಸಿಲ್ ಇರುತ್ತದೆ: ಕಸ ಡಿಸ್ಟ್ರಿಕ್ಟ್‌ನವರದ್ದು, ರಸ್ತೆ ಗುಂಡಿ ಮತ್ತು ಶಾಲೆ ಕೌಂಟಿಯವರದ್ದು. ಸರ್ಕಾರದ ಗವ್.ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ತಿಳಿಯುತ್ತದೆ. ಗುಂಡಿ ದೂರು ಕೊಡಲು ಫಿಕ್ಸ್‌ಮೈಸ್ಟ್ರೀಟ್ ಎಂಬ ತಾಣ ಇದೆ. ನಕ್ಷೆಯಲ್ಲಿ ಜಾಗ ಒತ್ತಿದರೆ ಸಾಕು, ಅದು ಯಾರಿಗೆ ಹೋಗಬೇಕೋ ಅವರಿಗೇ ಕಳಿಸುತ್ತದೆ.

ನಮ್ಮವರಿಗೆ ನಿಜವಾದ ತೊಂದರೆ ಬರುವುದು ಎರಡು ರೀತಿಯ ಮನೆಗಳಲ್ಲಿ: ಹಳೇ ದೊಡ್ಡ ಮನೆಯನ್ನು ಒಡೆದು ಮಾಡಿದ ಫ್ಲ್ಯಾಟ್ ಮತ್ತು ಹೊಚ್ಚ ಹೊಸ ಮನೆ. ಬಾಗಿಲ ಮೇಲೆ "ಫ್ಲ್ಯಾಟ್ 2" ಅಂತ ಇರುತ್ತದೆ. ಕೌನ್ಸಿಲ್ ಪಟ್ಟಿಯಲ್ಲಿ ಅದೇ ಮನೆ "ಫಸ್ಟ್ ಫ್ಲೋರ್ ಫ್ಲ್ಯಾಟ್" ಆಗಿರುತ್ತದೆ, ಅಥವಾ ಪಟ್ಟಿಯಲ್ಲೇ ಇರುವುದಿಲ್ಲ. ಓನರ್ ಯಾರಿಗೂ ಹೇಳದೆ ಮನೆ ಭಾಗ ಮಾಡಿದ್ದರೆ ಹೀಗಾಗುತ್ತದೆ. ಆಗ ಕೌನ್ಸಿಲ್ ಟ್ಯಾಕ್ಸ್ ಬಿಲ್ ತಪ್ಪು ಹೆಸರಿಗೆ ಬರಬಹುದು, ಬ್ರಾಡ್‌ಬ್ಯಾಂಡ್‌ನವರು ಇಂಥ ಮನೆಯೇ ಇಲ್ಲ ಅನ್ನಬಹುದು. ಆಂಬ್ಯುಲೆನ್ಸ್‌ನವರೂ ಇದೇ ವಿಳಾಸದ ಮಾಹಿತಿಯನ್ನು ಬಳಸುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮನೆಗೆ ಬಂದ ಮೊದಲ ವಾರವೇ ಫೈಂಡ್‌ಮೈಅಡ್ರೆಸ್ ತಾಣದಲ್ಲಿ ನಿಮ್ಮ ವಿಳಾಸ ಹುಡುಕಿ. ಯುಪಿಆರ್‌ಎನ್ ಅಲ್ಲೇ ಸಿಗುತ್ತದೆ. ಅಲ್ಲಿ ಹೇಗೆ ಬರೆದಿದೆಯೋ ಬ್ಯಾಂಕ್, ಜಿಪಿ, ಕೌನ್ಸಿಲ್ ಟ್ಯಾಕ್ಸ್ ಎಲ್ಲ ಕಡೆ ಹಾಗೇ ಬರೆಯಿರಿ. ವಿಳಾಸವೇ ಇಲ್ಲದಿದ್ದರೆ ಕೌನ್ಸಿಲ್‌ನ ಸ್ಟ್ರೀಟ್ ನೇಮಿಂಗ್ ಆಂಡ್ ನಂಬರಿಂಗ್ ವಿಭಾಗಕ್ಕೆ ಇಮೇಲ್ ಮಾಡಿ. ಹೊಸ ವಿಳಾಸಕ್ಕೆ ಅರ್ಜಿ ಹಾಕಬೇಕಾದದ್ದು ಸಾಮಾನ್ಯವಾಗಿ ಓನರ್ ಅಥವಾ ಬಿಲ್ಡರ್, ಶುಲ್ಕವೂ ಅವರದ್ದೇ. ಬಾಡಿಗೆಗಿದ್ದರೆ ಓನರ್‌ಗೆ ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ.

ವಿಳಾಸ ಸರಿಯಾದ ಮೇಲೆ ಮತದಾರರ ಪಟ್ಟಿಗೂ ಹೆಸರು ಸೇರಿಸಿ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾ ಮೇಲೆ ಇಲ್ಲಿ ವಾಸ ಮಾಡುವ ಭಾರತೀಯ ಪಾಸ್‌ಪೋರ್ಟ್‌ನವರಿಗೂ ವೋಟ್ ಇದೆ, ಕೌನ್ಸಿಲ್ ಚುನಾವಣೆಗೂ, ಪಾರ್ಲಿಮೆಂಟ್‌ಗೂ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ, ಅಲ್ವಾ? ಫಾರ್ಮ್ ತುಂಬುವಾಗ ಓಪನ್ ರಿಜಿಸ್ಟರ್ ಬೇಡ ಅಂತ ಗುರುತು ಹಾಕಿ. ಇಲ್ಲದಿದ್ದರೆ ನಿಮ್ಮ ಹೆಸರು ಮತ್ತು ವಿಳಾಸವನ್ನು ಯಾವ ಕಂಪನಿ ಬೇಕಾದರೂ ಕೊಂಡುಕೊಳ್ಳಬಹುದು.