ಖಾಲಿ ಡಬ್ಬಿ ಹಿಡಿದು ತಿಂಡಿ ಬೀದಿಗೆ

ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಗೆ ನಾನು ಕಾರಿನಲ್ಲಿ ಹೋದದ್ದು ಎರಡೇ ಸಲ. ಮೊದಲ ಸಲ ಸಜ್ಜನ್ ರಾವ್ ವೃತ್ತದ ಸುತ್ತಮುತ್ತ ಮುಕ್ಕಾಲು ಗಂಟೆ ಪ್ರದಕ್ಷಿಣೆ ಹಾಕಿ, ನಿಲ್ಲಿಸಲು ಜಾಗ ಸಿಗದೆ, ಕಿಟಕಿಯಿಂದ ತುಪ್ಪದ ಪರಿಮಳ ಮಾತ್ರ ಸವಿದು ಮನೆಗೆ ಮರಳಿದೆವು. ಎರಡನೆಯ ಸಲ ಯಾರದೋ ಮನೆಯ ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಹೋಗಿ, ಹಿಂತಿರುಗಿದಾಗ ಮನೆಯವರಿಂದ ಚೆನ್ನಾಗಿಯೇ ಮಂಗಳಾರತಿ ಮಾಡಿಸಿಕೊಂಡೆ. ತಪ್ಪು ನನ್ನದೇ. ಪಕ್ಕದಲ್ಲಿದ್ದ ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನಮ್ಮ ಮನೆ ಇರುವುದು ಕಾಡುಗೋಡಿಯಲ್ಲಿ, ಊರಿನ ಪೂರ್ವದ ತುದಿ. 2023ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಮೆಟ್ರೊ ಬಂದರೂ ಕೆ.ಆರ್. ಪುರದಲ್ಲಿ ಇಳಿದು ಬೈಯಪ್ಪನಹಳ್ಳಿಗೆ ಬಸ್ ಹಿಡಿಯಬೇಕಿತ್ತು. ಆ ಅಕ್ಟೋಬರ್‌ನಲ್ಲಿ ನಡುವಿನ ತುಂಡು ಕೂಡಿಕೊಂಡಿತು. ಅಲ್ಲಿಂದ ಈಚೆಗೆ ತಿಂಡಿ ಬೀದಿ ಎಂದರೆ ನಮಗೆ ರೈಲೇ.

ಈಗ ನಮ್ಮ ಕ್ರಮ ಹೀಗಿದೆ. ಶನಿವಾರ, ಭಾನುವಾರ ಹೋಗುವುದಿಲ್ಲ. ಆ ದಿನಗಳಲ್ಲಿ ಬೀದಿಯಲ್ಲಿ ನಿಲ್ಲುವುದಕ್ಕೂ ಜಾಗವಿರುವುದಿಲ್ಲ, ಒಬ್ಬರ ತಟ್ಟೆಯ ಚಟ್ನಿ ಇನ್ನೊಬ್ಬರ ಅಂಗಿಗೆ. ಮಂಗಳವಾರವೋ ಬುಧವಾರವೋ ನಾಲ್ಕು ಗಂಟೆಯೊಳಗೆ ರೈಲು ಹತ್ತುತ್ತೇವೆ. ಐದು ದಾಟಿತೆಂದರೆ ವೈಟ್‌ಫೀಲ್ಡ್ ಕಡೆಯ ಕಚೇರಿಗಳೆಲ್ಲ ನಮ್ಮ ಮೆಟ್ರೊದ ನೇರಳೆ ಮಾರ್ಗಕ್ಕೆ ಖಾಲಿಯಾಗುತ್ತವೆ. ಎಪ್ಪತ್ತು ದಾಟಿದ ಅಮ್ಮನಿಗೆ ಯಾರಾದರೂ ಸೀಟು ಬಿಟ್ಟುಕೊಡುತ್ತಾರೆ ನಿಜ, ಆದರೆ ಆ ನೂಕುನುಗ್ಗಲಿನಲ್ಲಿ ಸೀಟಿನವರೆಗೆ ತಲುಪಬೇಕಲ್ಲ!

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕು. ಹಸಿರು ಮಾರ್ಗದ ರೈಲು ಇನ್ನೂ ಒಂದು ಅಂತಸ್ತು ಕೆಳಗೆ ನಿಲ್ಲುತ್ತದೆ. ಹೊಸಬರು ಜನರ ಹಿಂದೆ ಹೋಗದೆ ಫಲಕ ಓದಿಕೊಂಡು ಹೋಗುವುದು ಒಳ್ಳೆಯದು: ಬೇಕಾದದ್ದು ರೇಷ್ಮೆ ಸಂಸ್ಥೆ ಕಡೆಗೆ ಹೋಗುವ ರೈಲು, ಮಾದಾವರದ ಕಡೆಯದಲ್ಲ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಮೂರನೆಯದೇ ನ್ಯಾಷನಲ್ ಕಾಲೇಜು. ಕಬ್ಬನ್ ಪಾರ್ಕ್ ಹತ್ತಿರ ನೆಲದೊಳಗೆ ಇಳಿದ ನಾವು ಮತ್ತೆ ಆಕಾಶ ನೋಡುವುದು ಮಾರುಕಟ್ಟೆ ದಾಟಿದ ಮೇಲೆ. ರೈಲು ಸುರಂಗದಿಂದ ಏರುತ್ತ ಬರುವಾಗ ಕಿಟಕಿಗೆ ಇದ್ದಕ್ಕಿದ್ದಂತೆ ಸಂಜೆಯ ಬಿಸಿಲು ಬೀಳುತ್ತದೆ. ಅಮ್ಮ ಆಗಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿರುತ್ತಾಳೆ.

ಮೆಟ್ರೊದಲ್ಲಿ ಮೊದಲ ಸಲ ಬಂದಾಗ ನಾನು ಅಮ್ಮನನ್ನು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಸಿದ್ದೆ. ತಿಂಡಿ ಬೀದಿ ಲಾಲ್‌ಬಾಗಿನ ಹತ್ತಿರ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು. ಹತ್ತಿರವೇನೋ ಹೌದು, ಆದರೆ ಆ ನಡಿಗೆ ಮುಗಿಯುವಷ್ಟರಲ್ಲಿ ಅಮ್ಮನಿಗೆ ತಿನ್ನುವ ಆಸೆಯೇ ಹೋಗಿತ್ತು. ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ನನಗೆ ಹತ್ತು ನಿಮಿಷ, ಅಮ್ಮನ ಹೆಜ್ಜೆಯಲ್ಲಿ ಹದಿನೈದು. ದಾರಿ ಕೇಳುವಾಗ ‘ಫುಡ್ ಸ್ಟ್ರೀಟ್’ ಎಂದರೂ ತೋರಿಸುತ್ತಾರೆ, ‘ಸಜ್ಜನ್ ರಾವ್ ಸರ್ಕಲ್’ ಎಂದರೆ ಅಲ್ಲಿನ ಹಳಬರು ಒಳದಾರಿಯನ್ನೂ ಹೇಳಿಕೊಡುತ್ತಾರೆ. ಜನವರಿಯಲ್ಲಿ ಅವರೆಬೇಳೆ ಮೇಳಕ್ಕೆ ಹೋಗುವವರಿಗೆ ಇನ್ನೂ ಸುಲಭ. ಈಚಿನ ವರ್ಷಗಳಲ್ಲಿ ಅದು ಈ ಬೀದಿ ಬಿಟ್ಟು ನ್ಯಾಷನಲ್ ಕಾಲೇಜಿನ ಮೈದಾನಕ್ಕೇ ಬಂದಿದೆ.

ಖರ್ಚಿನ ವಿಷಯದಲ್ಲಿ ಅಮ್ಮನದು ಬೇರೆಯೇ ಲೆಕ್ಕ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕಾರ್ಡ್ ಬಳಸಿದರೆ ನೂರಕ್ಕೆ ಐದು ರಿಯಾಯಿತಿ ಉಂಟು ಎಂದು ನಾನು ಸಮಾಧಾನ ಹೇಳಿದೆ. “ಅಷ್ಟು ದುಡ್ಡಿಗೆ ಎಷ್ಟು ಒಬ್ಬಟ್ಟು ಬರುತ್ತದೆ ಹೇಳು” ಎಂದಳು. ಶಕ್ತಿ ಯೋಜನೆ ಬಂದಾಗಿನಿಂದ ಅವಳಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಮ್ಮೆ ಅವಳ ಹಟಕ್ಕೆ ಮಣಿದು ಬಸ್ಸಿನಲ್ಲೇ ಹಿಂತಿರುಗಿದೆವು. ಮೆಜೆಸ್ಟಿಕ್‌ನಲ್ಲಿ ಬದಲಿಸಿ ಮನೆ ಮುಟ್ಟುವಾಗ ಎರಡೂವರೆ ಗಂಟೆ ಕಳೆದಿತ್ತು. ಆಮೇಲೆ ಅವಳು ಬಸ್ಸಿನ ಮಾತೆತ್ತಿಲ್ಲ.

ಬೀದಿಯಲ್ಲಿ ಒಲೆಗಳು ಹೊತ್ತಿಕೊಳ್ಳುವುದು ಸಂಜೆಯೇ. ನಾವು ತುದಿಯಿಂದ ತುದಿಗೆ ಒಮ್ಮೆ ಸುಮ್ಮನೆ ನಡೆಯುತ್ತೇವೆ, ಏನನ್ನೂ ಕೊಳ್ಳದೆ. ಆಮೇಲೆ ಒಂದು ಅಕ್ಕಿ ರೊಟ್ಟಿಯನ್ನು ಇಬ್ಬರು ಹಂಚಿಕೊಳ್ಳುತ್ತೇವೆ, ಒಂದು ತಟ್ಟೆ ಪಡ್ಡು, ಕೊನೆಗೆ ನನಗೆ ಗುಲ್ಕನ್ ಹಾಕಿದ ಐಸ್‌ಕ್ರೀಂ. ಆಲೂಗಡ್ಡೆಯನ್ನು ಸುರುಳಿ ಸುತ್ತಿ ಕಡ್ಡಿಗೆ ಚುಚ್ಚಿ ಕೊಡುವ ಹೊಸ ತಿಂಡಿಗಳ ಮುಂದೆ ಸಾಲು ಉದ್ದ, ನನಗೆ ಅದರಲ್ಲಿ ಎಣ್ಣೆಯ ಹೊರತು ಏನೂ ಸಿಕ್ಕಿಲ್ಲ. 1953ರಿಂದ ಇರುವ ವಿ.ಬಿ. ಬೇಕರಿಯಲ್ಲಿ ಕಾಂಗ್ರೆಸ್ ಕಡಲೆಕಾಯಿ, ಅಂದರೆ ಮಸಾಲೆ ಹಚ್ಚಿದ ಕಡಲೆಬೀಜ, ಕಟ್ಟಿಸಿಕೊಳ್ಳುತ್ತೇವೆ, ಅದು ವಾರವಿಟ್ಟರೂ ಕೆಡುವುದಿಲ್ಲ.

ಒಬ್ಬಟ್ಟಿಗಾಗಿ ಅಮ್ಮ ಮನೆಯಿಂದ ಅಗಲವಾದ ಸ್ಟೀಲ್ ಡಬ್ಬಿ ತರುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಒಬ್ಬಟ್ಟು ಹಾಕಿಕೊಂಡರೆ ಇಂದಿರಾನಗರ ಬರುವಷ್ಟರಲ್ಲಿ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ. ಕಾವಲಿಯಿಂದ ತೆಗೆದದ್ದನ್ನು ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿಸಿಕೊಳ್ಳುತ್ತಾಳೆ, ಹಬೆ ಹೋಗುವವರೆಗೆ ಅಂಗಡಿಯ ಪಕ್ಕದಲ್ಲೇ ನಿಲ್ಲುತ್ತಾಳೆ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ನೀರು ಹನಿಗಟ್ಟಿ ಒಬ್ಬಟ್ಟಿನ ಮೇಲೆ ತೊಟ್ಟಿಕ್ಕುತ್ತದೆ, ಮಾರನೆಯ ದಿನಕ್ಕೆ ಹಳಸಲು. ಆರಿದ ಮೇಲೆ ನಾಲ್ಕಾಗಿ ಮಡಚಿ, ಪದರಕ್ಕೊಂದು ಬಾಳೆ ಎಲೆಯ ತುಂಡು. ಎಲೆಯನ್ನೂ ಅವಳೇ ಮನೆಯಿಂದ ಒರೆಸಿ ತಂದಿರುತ್ತಾಳೆ.

ಒಂಬತ್ತರ ಹೊತ್ತಿಗೆ ನಿಲ್ದಾಣದಲ್ಲಿರುತ್ತೇವೆ, ಮೆಜೆಸ್ಟಿಕ್‌ನಲ್ಲಿ ಓಡುವುದು ಅಮ್ಮನಿಂದಾಗದು. ಬರುವಾಗ ಖಾಲಿಯಾಗಿ ತಪಾಸಣೆಯ ಯಂತ್ರದೊಳಗೆ ಹೋಗಿದ್ದ ಡಬ್ಬಿ ಹಿಂತಿರುಗುವಾಗ ತುಂಬಿಕೊಂಡು ಹೋಗುತ್ತದೆ. ರೈಲಿನಲ್ಲಿ ತಿನ್ನುವಂತಿಲ್ಲ, ಕೊಂಡೊಯ್ಯಲು ಅಡ್ಡಿಯಿಲ್ಲ. ಆದರೆ ತುಪ್ಪಕ್ಕೆ ಈ ನಿಯಮ ಗೊತ್ತಿಲ್ಲ, ಎಷ್ಟೇ ಗಟ್ಟಿಯಾಗಿ ಮುಚ್ಚಿದರೂ ಡಬ್ಬಿಯ ಪರಿಮಳ ಬೋಗಿಯನ್ನೆಲ್ಲ ಸುತ್ತುತ್ತದೆ. ಕಳೆದ ಸಲ ಹಲಸೂರು ದಾಟುವಾಗ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ತಡೆದುಕೊಂಡು, ಕೊನೆಗೆ ಬಾಗಿ ಕೇಳಿಯೇಬಿಟ್ಟರು: “ಕಾಯಿಯದೋ, ಬೇಳೆಯದೋ ತಾಯಿ?”

ಅಮ್ಮ ಡಬ್ಬಿಯನ್ನು ಮಡಿಲಿಗೆ ಇನ್ನಷ್ಟು ಎಳೆದುಕೊಂಡು, “ಎರಡೂ” ಎಂದಳು.