ಒಣಗಿದ ಬ್ರೆಡ್ಡಿಗೊಂದು ಒಗ್ಗರಣೆ

ನಾವು ಚಿಕ್ಕವರಿದ್ದಾಗ ಮನೆಗೆ ಬ್ರೆಡ್ಡು ಬಂತು ಅಂದರೆ ಯಾರಿಗೋ ಜ್ವರ ಬಂದಿದೆ ಅಂತಲೇ ಲೆಕ್ಕ. ಆಸ್ಪತ್ರೆಯಲ್ಲಿದ್ದವರನ್ನು ನೋಡಲು ಹೋಗುವವರ ಬುಟ್ಟಿಯಲ್ಲೂ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ ಇದ್ದೇ ಇರುತ್ತಿದ್ದವು. ಈಗ ಜ್ವರ ಇಲ್ಲದವರೂ ಬ್ರೆಡ್ಡು ತಿನ್ನುತ್ತೇವೆ. ಸೋಮವಾರ ಮಕ್ಕಳ ಡಬ್ಬಿಗೆ ಸ್ಯಾಂಡ್‌ವಿಚ್ ಆಗುತ್ತೆ ಅಂತ ಭಾನುವಾರ ತಂದಿರುತ್ತೇವೆ. ಬುಧವಾರದ ಹೊತ್ತಿಗೆ ಫ್ರಿಜ್ಜಿನ ಮೇಲೆ ಅದೇ ಪ್ಯಾಕೆಟ್ಟು, ಒಳಗೆ ಆರೇಳು ಸ್ಲೈಸು. ಮುಟ್ಟಿದರೆ ರಟ್ಟಿನ ಹಾಗೆ. ಮೊದಲನೇ ಸ್ಲೈಸನ್ನಂತೂ ಯಾರೂ ತಿಂದಿರುವುದಿಲ್ಲ. ಎಲ್ಲರೂ ಅದನ್ನು ಪಕ್ಕಕ್ಕೆ ಸರಿಸಿ ಅದರ ಹಿಂದಿನದನ್ನೇ ಎಳೆದುಕೊಂಡಿರುತ್ತಾರೆ.

ಇದನ್ನು ಎಸೆಯಬೇಡಿ. ಪಾಪ, ಹಾಳಾಗುತ್ತಲ್ಲ ಅಂತ ಹೇಳುತ್ತಿಲ್ಲ. ಕೆಲವು ತಿಂಡಿಗಳಿಗೆ ಒಣಗಿದ ಬ್ರೆಡ್ಡೇ ಬೇಕು. ಹೊಸ ಬ್ರೆಡ್ಡು ಹಾಕಿದರೆ ಅವು ಕೆಡುತ್ತವೆ. ಉದುರುದುರು ಚಿತ್ರಾನ್ನಕ್ಕೆ ಆರಿದ ಅನ್ನವೇ ಬೇಕು ಅಲ್ವಾ, ಇದೂ ಹಾಗೇ.

ಮೊದಲು ಕಣ್ಣು, ಆಮೇಲೆ ಒಲೆ

ಒಣಗಿದ್ದು ಬೇರೆ, ಕೆಟ್ಟಿದ್ದು ಬೇರೆ. ಪ್ಯಾಕೆಟ್ಟಿನಿಂದ ಎಲ್ಲ ಸ್ಲೈಸ್ ಹೊರಗೆ ತೆಗೆದು ಬೆಳಕಿನಲ್ಲಿ ಒಂದೊಂದಾಗಿ ತಿರುಗಿಸಿ ನೋಡಿ. ಅಂಚು, ತಳ, ಎರಡು ಸ್ಲೈಸ್ ಅಂಟಿಕೊಂಡಿರುವ ಜಾಗವನ್ನು ಬಿಡಬೇಡಿ. ಹಸಿರು, ಕಪ್ಪು ಅಥವಾ ಬಿಳಿ ಹತ್ತಿಯಂಥ ಬೂಷ್ಟು ಒಂದು ಚುಕ್ಕೆಯಷ್ಟು ಕಂಡರೂ ಇಡೀ ಪ್ಯಾಕೆಟ್ ಕಸಕ್ಕೆ. ಆ ಒಂದು ಮೂಲೆ ಕಿತ್ತು ಮಿಕ್ಕಿದ್ದನ್ನು ಬಳಸುವ ಅಭ್ಯಾಸ ಸುಮಾರು ಮನೆಗಳಲ್ಲಿದೆ. ಅದು ತಪ್ಪು. ಬ್ರೆಡ್ಡು ಮೆತ್ತಗೆ, ತೂತು ತೂತಾಗಿ ಇರುವುದರಿಂದ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದ ಹಾಗೆ ಒಳಗೆಲ್ಲ ಹರಡಿರುತ್ತವೆ. ಹುರಿದರೆ ಸರಿಹೋಗುತ್ತದೆ ಅಂತಲೂ ಇಲ್ಲ. ಬೂಷ್ಟು ಸತ್ತರೂ ಅದು ಬಿಟ್ಟ ವಿಷ ತವದ ಬಿಸಿಗೆ ಹೋಗುವುದಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡುವುದೂ ಬೇಡ, ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಬೂಷ್ಟು ಏನೂ ಕಾಣುವುದಿಲ್ಲ, ಆದರೆ ಬ್ರೆಡ್ ಮುರಿದರೆ ಒಳಗೆ ಅಂಟಂಟು, ಎಳೆದರೆ ಜೇಡರ ಬಲೆಯ ಹಾಗೆ ದಾರ ಬರುತ್ತದೆ. ಕೊಳೆತ ಕರಬೂಜದಂಥ ಸಿಹಿ ವಾಸನೆ ಬೇರೆ. ಅದು ಬ್ಯಾಕ್ಟೀರಿಯಾದ ಕೆಲಸ. ಅದನ್ನೂ ಎಸೆಯಿರಿ.

ಇವೆರಡೂ ಇಲ್ಲ, ಬರೀ ಗಟ್ಟಿ ಅಷ್ಟೇ ಅಂದರೆ ಮುಂದೆ ಓದಿ.

ಫ್ರಿಜ್ಜಿನ ತಪ್ಪು ಲೆಕ್ಕ

ನೀರು ಆರಿ ಹೋಗಿ ಬ್ರೆಡ್ಡು ಗಟ್ಟಿಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅರ್ಧ ಸತ್ಯ. 1852ರಲ್ಲೇ ಬುಸಾಂಗೋ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಗಾಳಿಯಾಡದಂತೆ ಭದ್ರವಾಗಿ ಮುಚ್ಚಿಟ್ಟ ಬ್ರೆಡ್ಡೂ ಗಟ್ಟಿಯಾಗುತ್ತದೆ ಅಂತ ತೋರಿಸಿದ್ದರು. ಹಿಟ್ಟು ಬೇಯುವಾಗ ಅದರಲ್ಲಿರುವ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಆರಿದ ಮೇಲೆ ಅದೇ ಪಿಷ್ಟ ನಿಧಾನವಾಗಿ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ. ರಾತ್ರಿಯ ಅನ್ನ ಬೆಳಗ್ಗೆ ಬಿಡಿಬಿಡಿಯಾಗುವುದೂ ಇದರಿಂದಲೇ.

ಈ ಬಿಗಿಯಾಗುವ ಕೆಲಸ ತುಂಬಾ ಜೋರಾಗಿ ನಡೆಯುವುದು ಎಲ್ಲಿ ಗೊತ್ತಾ? ಫ್ರಿಜ್ಜಿನ ತಣ್ಣಗಿನಲ್ಲಿ. ಹೊರಗಿಟ್ಟದ್ದಕ್ಕಿಂತ ಫ್ರಿಜ್ಜಿನಲ್ಲಿಟ್ಟ ಬ್ರೆಡ್ಡೇ ಬೇಗ ರಟ್ಟಾಗುತ್ತದೆ. ಬೂಷ್ಟು ಮಾತ್ರ ತಡವಾಗಿ ಬರುತ್ತದೆ. ಹಾಗಾಗಿ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫ್ರಿಜ್ಜೇ ವಾಸಿ. ಬಯಲುಸೀಮೆಯ ಒಣ ಹವೆಯಲ್ಲಿ ಎರಡು ದಿನಕ್ಕೆ ಹೊರಗೇ ಸಾಕು. ನಾಲ್ಕೈದು ದಿನಕ್ಕೆ ಮೇಲೆ ಇಡಬೇಕಿದ್ದರೆ ಬಿಗಿಯಾಗಿ ಕಟ್ಟಿ ಫ್ರೀಜರ್‌ಗೆ ಹಾಕಿ. ಅಲ್ಲಿ ಎರಡೂ ನಿಲ್ಲುತ್ತವೆ. ಬೇಕಾದಾಗ ಸ್ಲೈಸ್ ತೆಗೆದು ನೇರವಾಗಿ ತವದ ಮೇಲೆ ಹಾಕಿದರಾಯಿತು.

ಬಿಸಿ ಮಾಡಿದಾಗ ಗಟ್ಟಿ ಬ್ರೆಡ್ಡು ಮತ್ತೆ ಮೆತ್ತಗಾಗುವುದನ್ನು ನೀವೂ ನೋಡಿರುತ್ತೀರಿ. ಸುಮಾರು 60 ಡಿಗ್ರಿ ದಾಟಿದರೆ ಪಿಷ್ಟದ ಆ ಬಿಗಿ ಸಡಿಲವಾಗುತ್ತದೆ. ಆದರೆ ಆರಿದರೆ ಮತ್ತೆ ಮೊದಲಿನ ಹಾಗೇ. ಅದಕ್ಕೇ ಒಣ ಬ್ರೆಡ್ಡಿನ ತಿಂಡಿ ಯಾವುದಿದ್ದರೂ ಬಿಸಿಬಿಸಿ ತಿನ್ನುವಂತೆ ಮಾಡಿ.

ಉಪ್ಪಿಟ್ಟು: ನೀರಿನ ಲೋಟ ದೂರ ಇಡಿ

ನಾನು ಮೊದಲ ಸಲ ಬ್ರೆಡ್ ಉಪ್ಪಿಟ್ಟು ಮಾಡಿದಾಗ ಹೆಸರು ನಂಬಿ ಮೋಸ ಹೋದೆ. ಉಪ್ಪಿಟ್ಟು ಅಂದ ಮೇಲೆ ನೀರು ಬೇಡವೇ ಅಂತ ಒಗ್ಗರಣೆಗೆ ಒಂದು ಲೋಟ ನೀರು ಸುರಿದು ಕುದಿಸಿದೆ. ಬ್ರೆಡ್ ಚೂರು ಹಾಕಿ ಎರಡು ಸಲ ಕೈಯಾಡಿಸುವಷ್ಟರಲ್ಲಿ ಪೋಸ್ಟರ್ ಅಂಟಿಸುವ ಗೋಂದು ಸಿದ್ಧವಾಗಿತ್ತು. ಅದರ ಮೇಲೆ ಕೊತ್ತಂಬರಿ ಸೊಪ್ಪು ಬೇರೆ ಉದುರಿಸಿದ್ದೆ! ಹೆಸರು ಉಪ್ಪಿಟ್ಟಾದರೂ ಇದರ ನಡೆ ಚಿತ್ರಾನ್ನದ್ದು.

8 ಸ್ಲೈಸ್‌ಗೆ ಲೆಕ್ಕ ಹೇಳುತ್ತೇನೆ, ಮೂರು ಜನಕ್ಕೆ ಸಾಕು. ಬ್ರೆಡ್ಡನ್ನು ಹೆಬ್ಬೆರಳಿನ ಉಗುರಿನಷ್ಟು ಅಗಲದ ಚೌಕಗಳಾಗಿ ಕತ್ತರಿಸಿ. ಕೈಯಲ್ಲಿ ಹರಿಯಬೇಡಿ, ಪುಡಿ ಜಾಸ್ತಿ ಆಗುತ್ತದೆ. ಅಂಚು ತೆಗೆಯುವುದೂ ಬೇಡ, ಕೊನೆಗೆ ಬಾಯಿಗೆ ಸಿಗುವ ಗರಿಗರಿ ಎಲ್ಲ ಅದರದ್ದೇ. ದಪ್ಪ ತಳದ ಬಾಣಲೆಗೆ ಒಂದು ಚಮಚ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ಈ ಚೂರುಗಳನ್ನು ಐದಾರು ನಿಮಿಷ ಬಾಡಿಸಿ. ಮೂಲೆಗಳು ಕೆಂಪಗಾಗಿ, ಬಾಣಲೆ ಅಲುಗಾಡಿಸಿದರೆ ಕಡಲೆಕಾಯಿ ಸದ್ದು ಬರಬೇಕು. ತೆಗೆದು ತಟ್ಟೆಯಲ್ಲಿ ಹರಡಿ. ರಾಶಿ ಹಾಕಿದರೆ ತನ್ನ ಹಬೆಗೆ ತಾನೇ ಮೆತ್ತಗಾಗುತ್ತದೆ.

ಅದೇ ಬಾಣಲೆಗೆ ಎರಡು ಚಮಚ ಎಣ್ಣೆ. ಸಾಸಿವೆ ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಕಡಲೆಬೀಜ, ಇಂಗು, ಕರಿಬೇವು, ಸೀಳಿದ 3 ಹಸಿಮೆಣಸಿನಕಾಯಿ. ಆಮೇಲೆ ಉದ್ದಕ್ಕೆ ಹೆಚ್ಚಿದ 2 ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಅರಿಶಿನ, ಸಣ್ಣಗೆ ಹೆಚ್ಚಿದ 1 ದೊಡ್ಡ ಟೊಮೆಟೊ. ಟೊಮೆಟೊ ಪೂರ್ತಿ ಕರಗಿ, ಪಕ್ಕದಲ್ಲಿ ಎಣ್ಣೆ ಕಾಣುವವರೆಗೂ ಬಿಡಿ. ಇಲ್ಲಿ ಅವಸರ ಮಾಡಿದರೆ ಆ ನೀರೆಲ್ಲ ಬ್ರೆಡ್ಡಿಗೆ ಹೋಗುತ್ತದೆ. ಉಪ್ಪು ಕಾಲು ಟೀ ಚಮಚಕ್ಕಿಂತ ಜಾಸ್ತಿ ಬೇಡ, ಬ್ರೆಡ್ಡಿನಲ್ಲೇ ಉಪ್ಪಿದೆ.

ಈಗ ಬ್ರೆಡ್ ಹಾಕಿ, ಸೌಟಿನಿಂದ ಕಲಸದೆ ಅಡಿಯಿಂದ ಮೇಲಕ್ಕೆ ಮಗುಚಿ. ಒಂದೇ ನಿಮಿಷ. ತೀರಾ ಒಣ ಅನಿಸಿದರೆ ಕೈ ಒದ್ದೆ ಮಾಡಿಕೊಂಡು ಎರಡು ಸಲ ಚಿಮುಕಿಸಿ, ಅಷ್ಟೇ. ಒಲೆ ಆರಿಸಿ ನಿಂಬೆರಸ, ಕಾಯಿತುರಿ, ಕೊತ್ತಂಬರಿ ಹಾಕಿ. ಬೇಕರಿಯ ಮಿಲ್ಕ್ ಬ್ರೆಡ್ಡಾದರೆ ಸಿಹಿ ಎದ್ದು ಕಾಣುತ್ತದೆ. ಅದಕ್ಕೆ ಇನ್ನೊಂದು ಮೆಣಸಿನಕಾಯಿ, ಇನ್ನರ್ಧ ನಿಂಬೆಹಣ್ಣು ಹಿಡಿಯುತ್ತದೆ.

ಬೇಕರಿ ಟೋಸ್ಟಿನ ಗುಟ್ಟು

ಬೆಂಗಳೂರಿನಲ್ಲಿ ಬೆಳೆದವರಿಗೆ ಅಯ್ಯಂಗಾರ್ ಬೇಕರಿಯ ಮಸಾಲಾ ಟೋಸ್ಟ್ ಹೇಳಿಕೊಡಬೇಕಿಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಕಟ್ಟಿದ ಈ ಬೇಕರಿಗಳಲ್ಲಿ ಖಾರಾ ಬನ್, ದಿಲ್ ಪಸಂದ್ ಎಷ್ಟು ಹೆಸರುವಾಸಿಯೋ, ಸಂಜೆ ಹೊತ್ತು ದೊಡ್ಡ ಕಬ್ಬಿಣದ ತವದ ಮೇಲೆ ಸಾಲಾಗಿ ಮಲಗಿರುವ ಟೋಸ್ಟೂ ಅಷ್ಟೇ. ಅದು ಯಾಕೆ ಮನೆಯಲ್ಲಿ ಹಾಗೆ ಬರುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಎರಡು ಕಾರಣ. ಒಂದು, ನಾವು ಹೊಸ ಬ್ರೆಡ್ಡಿನ ಮೇಲೆ ಒದ್ದೆ ಪಲ್ಯ ಹಾಕುತ್ತೇವೆ. ಎರಡು, ಬೆಣ್ಣೆಯಲ್ಲಿ ಜಿಪುಣತನ.

ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಿಟಿಕೆ ಅರಿಶಿನ, ಉಪ್ಪು. ಇದನ್ನು ಎಣ್ಣೆಯಲ್ಲಿ ನೀರು ಪೂರ್ತಿ ಆರುವವರೆಗೆ ಹುರಿದು ತಣ್ಣಗಾಗಲು ಬಿಡಿ. ಒಣಗಿದ ಸ್ಲೈಸನ್ನು ಎರಡೂ ಕಡೆ ಬೆಣ್ಣೆ ಸವರಿ ಕಬ್ಬಿಣದ ತವದಲ್ಲಿ ಕೆಂಪಗೆ ಮಾಡಿ. ಪಲ್ಯ ಮೇಲೆ ಹರಡಿ ಸೌಟಿನ ಬೆನ್ನಿನಿಂದ ಒತ್ತಿ. ನಂತರ ಎದೆ ಗಟ್ಟಿ ಮಾಡಿಕೊಂಡು ಅದನ್ನು ಪಲ್ಯದ ಕಡೆಗೇ ತವದ ಮೇಲೆ ಮಗುಚಿ, ಅರ್ಧ ನಿಮಿಷ ಬಿಡಿ. ಸ್ವಲ್ಪ ಪಲ್ಯ ಉದುರಿ ತವಕ್ಕೆ ಹತ್ತಿ ಕರಕಲಾಗುತ್ತದೆ. ಆಗಲಿ, ಬೇಕರಿ ಘಮ ಬರುವುದೇ ಅಲ್ಲಿಂದ. ಹೊಸ ಬ್ರೆಡ್ಡಾದರೆ ಈ ಮಗುಚುವಾಟದಲ್ಲಿ ನಡು ಮುರಿದುಕೊಂಡು ಬೀಳುತ್ತದೆ.

ಪುಡಿ ಮಾಡಿ ಡಬ್ಬಕ್ಕೆ ತುಂಬಿ

ತಿಂಡಿ ಮಾಡಲು ಪುರುಸೊತ್ತಿಲ್ಲದ ವಾರ ಇದು ಸುಲಭ. ಆ ಅನಾಥ ತುದಿ ಸ್ಲೈಸುಗಳಿಗೂ ಇದೇ ಗತಿ. ಬಿಸಿಲಿದ್ದರೆ ತಟ್ಟೆಯಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ ಒಣಗಿಸಿ. ಇಲ್ಲದಿದ್ದರೆ ತವದ ಮೇಲೆ ಸಣ್ಣ ಉರಿ. ಮುರಿದರೆ ಹಪ್ಪಳದ ಹಾಗೆ ಪಟ್ ಅನ್ನಬೇಕು. ಪೂರ್ತಿ ಆರಿದ ಮೇಲೇ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿ ಇರುವಾಗ ಹಾಕಿದರೆ ಹಬೆಗೆ ಉಂಡೆ ಕಟ್ಟುತ್ತದೆ. ನಿಜವಾಗಿ ಒಣಗಿದ್ದರೆ ಡಬ್ಬದಲ್ಲಿ ಎರಡು ವಾರಕ್ಕೆ ಮೋಸವಿಲ್ಲ.

ಕಟ್ಲೆಟ್‌ಗೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮೂರಿದೆ. ವಡೆ ಹಿಟ್ಟು ನೀರಾಗಿ ಕೈಯಲ್ಲಿ ನಿಲ್ಲದಿದ್ದರೆ ಎರಡು ಚಮಚ ಈ ಪುಡಿ ಹಾಕಿ ಹತ್ತು ನಿಮಿಷ ಬಿಡಿ, ಗಟ್ಟಿಯಾಗುತ್ತದೆ. ಸಾಗು ತೆಳ್ಳಗಾದರೆ ಹುರಿಗಡಲೆ ಬದಲು ಇದನ್ನೇ ಒಂದು ಚಮಚ ಹಾಕಬಹುದು. ಬೆಂಡೆಕಾಯಿ ಪಲ್ಯ ಇಳಿಸುವ ಮುಂಚೆ ಒಂದಿಷ್ಟು ಉದುರಿಸಿದರೆ ಉಳಿದ ಲೋಳೆ ಹೀರಿಕೊಂಡು ಗರಿಯಾಗುತ್ತದೆ. ಮೂರನೆಯದನ್ನು ಬೇರೆಯವರು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಖಾಲಿಯಾಗುತ್ತದೆ.

ಸಿಹಿ ಬೇಕೆನ್ನುವವರಿಗೆ

ಮೊಟ್ಟೆ ತಿನ್ನುವವರಿಗೆ ಬಾಂಬೆ ಟೋಸ್ಟ್ ಇದ್ದೇ ಇದೆ. 2 ಮೊಟ್ಟೆ, ಅರ್ಧ ಲೋಟ ಹಾಲು, 2 ಚಮಚ ಸಕ್ಕರೆ, ಏಲಕ್ಕಿ ಪುಡಿ ಸೇರಿಸಿ ಕಡೆದು, ಬ್ರೆಡ್ ಅದ್ದಿ ತುಪ್ಪದಲ್ಲಿ ಬೇಯಿಸುವುದು. ಫ್ರಾನ್ಸಿನಲ್ಲಿ ಇದಕ್ಕಿರುವ ಹೆಸರಿನ ಅರ್ಥವೇ ಕಳೆದುಹೋದ ಬ್ರೆಡ್ಡು. ಅಂದರೆ ಅಲ್ಲೂ ಇದು ಹುಟ್ಟಿದ್ದು ಗಟ್ಟಿ ಬ್ರೆಡ್ಡಿಗಾಗಿಯೇ. ಹೊಸದನ್ನು ಅದ್ದಿ ನೋಡಿ, ಎತ್ತುವಾಗ ಅರ್ಧ ಬಟ್ಟಲಲ್ಲೇ ಉಳಿಯುತ್ತದೆ.

ಹಲ್ವಕ್ಕೆ ಸ್ವಲ್ಪ ತಾಳ್ಮೆ ಬೇಕು. ತಮಿಳುನಾಡಿನ ಮುಸ್ಲಿಮರ ಮದುವೆಗಳಲ್ಲಿ ಬಿರಿಯಾನಿ ಜೊತೆ ಬಡಿಸುವ ಬ್ರೆಡ್ ಹಲ್ವ ತಿಂದವರಿಗೆ ಇದರ ರುಚಿ ಗೊತ್ತು. ಹೈದರಾಬಾದಿನ ಡಬಲ್ ಕಾ ಮೀಠಾ ಕೂಡ ಇದರ ನೆಂಟನೇ. ಬ್ರೆಡ್ಡಿಗೆ ಡಬಲ್ ರೋಟಿ ಅನ್ನುತ್ತಾರಲ್ಲ, ಆ ಡಬಲ್ಲು ಅದು. 8 ಸ್ಲೈಸ್ ಚೂರು ಮಾಡಿ 3 ದೊಡ್ಡ ಚಮಚ ತುಪ್ಪದಲ್ಲಿ ಜೇನಿನ ಬಣ್ಣಕ್ಕೆ ಹುರಿಯಿರಿ. ಇಲ್ಲಿ ಬಣ್ಣ ಬರದಿದ್ದರೆ ಕೊನೆಗೂ ಬರುವುದಿಲ್ಲ. ಒಂದು ಲೋಟ ಬಿಸಿ ಹಾಲು ಹಾಕಿ, ಅದನ್ನೆಲ್ಲ ಬ್ರೆಡ್ಡು ಕುಡಿದ ಮೇಲೆ ಸೌಟಿನಿಂದ ಅಮುಕಿ. ಮುಕ್ಕಾಲು ಲೋಟ ಸಕ್ಕರೆ ಹಾಕಿದ ಕೂಡಲೇ ಮತ್ತೆ ನೀರಾಗುತ್ತದೆ, ಗಾಬರಿ ಬೇಡ. ಕೈಬಿಡದೆ ತಿರುಗಿಸುತ್ತಾ ಇನ್ನೊಂದೆರಡು ಚಮಚ ತುಪ್ಪ ಹಾಕಿ. ಹತ್ತು ಹನ್ನೆರಡು ನಿಮಿಷದಲ್ಲಿ ತಳ ಬಿಡುತ್ತದೆ. ಹುರಿದ ಗೋಡಂಬಿ, ಏಲಕ್ಕಿ ಹಾಕಿ ಇಳಿಸಿ. ಮಿಲ್ಕ್ ಬ್ರೆಡ್ಡಾದರೆ ಸಕ್ಕರೆ ಅರ್ಧ ಲೋಟಕ್ಕೆ ಇಳಿಸಿ.

ಒಲೆ ಹಚ್ಚಲು ಬೇಜಾರಾದ ದಿನ

ಏಪ್ರಿಲ್ ಮಧ್ಯಾಹ್ನ ಇದನ್ನೆಲ್ಲ ಹುರಿಯುತ್ತಾ ನಿಲ್ಲುವವರು ಯಾರು? ಆಗ ಮೊಸರು ಬ್ರೆಡ್ಡು ಮಾಡಿ. ಸ್ಲೈಸಿನಿಂದ ಲೋಟದ ಬಾಯಲ್ಲಿ ದುಂಡಗೆ ಒತ್ತಿ ತೆಗೆಯಿರಿ. ಉಳಿದ ಮೂಲೆಗಳು ಪುಡಿ ಡಬ್ಬಕ್ಕೆ. ಒಂದೊಂದನ್ನೂ ತೆಳು ಮಜ್ಜಿಗೆಯಲ್ಲಿ ಅದ್ದಿ, ತಕ್ಷಣ ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಒತ್ತಿ ತಟ್ಟೆಗೆ ಜೋಡಿಸಿ. ಒಂದು ಬಟ್ಟಲು ಗಟ್ಟಿ ಮೊಸರಿಗೆ ಉಪ್ಪು, ಚೂರು ಶುಂಠಿ ತುರಿ ಹಾಕಿ ಕಡೆದು ಮೇಲೆ ಸುರಿಯಿರಿ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಗೆ ಮಾತ್ರ ಎರಡು ನಿಮಿಷ ಒಲೆ ಬೇಕೇ ಬೇಕು. ಕ್ಯಾರೆಟ್ ತುರಿ, ಖಾರಾಬೂಂದಿ ಉದುರಿಸಿ. ಅರ್ಧ ಗಂಟೆ ಬಿಟ್ಟು ತಿಂದರೆ ಮೊಸರು ಒಳಗಿಳಿದು ವಡೆಯಂತೆಯೇ ಇರುತ್ತದೆ. ನಮ್ಮತ್ತೆಗೆ ಹೇಳದೆ ಬಡಿಸಿದ್ದೆ. ಉದ್ದು ಎಷ್ಟು ಹೊತ್ತು ನೆನೆಸಿದ್ದೆ ಅಂತ ಕೇಳಿದರು.